ಹಿಂಬಾಗಿಲಿನಿಂದ ಬಂದ ಸಾಕ್ಷಿ

ಅವರ ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಮನೆತನಕ್ಕೆ ಸೇರಿದ್ದಲ್ಲ ಎಂಬಂತಿತ್ತು. ಅಗಲ, ಚಪ್ಪಟೆ, ಉಗುರು ನಡುವೆ ಸೀಳಿದ್ದು. ಮಂಜುಗಡ್ಡೆಯಲ್ಲೂ ಉಪ್ಪುನೀರಿನಲ್ಲೂ ಬಿದ್ದು ಬಿದ್ದು ಅದರ ತುದಿಯ ಗೆರೆಗಳೆಲ್ಲ ಅಳಿಸಿಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಅದನ್ನು ಗುರುತಿಸುತ್ತಲೇ ಇರಲಿಲ್ಲ. "ಆ ಮಿಷನಿನ ಲೆಕ್ಕದಲ್ಲಿ ನಾನು ಸತ್ತು ಸುಮಾರು ಸಮಯ ಆಯ್ತು ಮಾರಾಯ" ಎಂದು ನಗುತ್ತಿದ್ದರು. ಆದರೆ ಆ ಬೆರಳಿಗೆ ಎಲ್ಲವೂ ಗುರುತಾಗುತ್ತಿತ್ತು. ಬಂಗುಡೆ ಮೀನಿನ ಬೆನ್ನಿನ ಮೇಲೆ ಒಮ್ಮೆ ಒತ್ತಿ ತೆಗೆದರೆ ಸಾಕು, ಅದು ಇವತ್ತಿನದೋ ನಿನ್ನೆಯದೋ ಎಂದು ಹೇಳಿಬಿಡುತ್ತಿದ್ದರು. ಒತ್ತಿದ ಗುಂಡಿ ತಾನಾಗಿ ತುಂಬಿಕೊಂಡರೆ ತಾಜಾ. ಹಾಗೇ ಉಳಿದರೆ ಹಳತು.

ಬಲಗೈ ಎಂದು ಬರೆದ ಮೇಲೆ ಅನುಮಾನ ಹುಟ್ಟಿದೆ. ಎಡಗೈ ಇದ್ದಿರಬಹುದೇ? ಬುಟ್ಟಿಯನ್ನು ಅವರು ಯಾವ ಸೊಂಟದ ಮೇಲೆ ಇಟ್ಟುಕೊಳ್ಳುತ್ತಿದ್ದರು ಎಂದು ನೆನಪಿಸಿಕೊಂಡು ಲೆಕ್ಕ ಹಾಕಿದೆ. ಎರಡು ಸಲ ಎರಡು ಉತ್ತರ ಬಂತು. ಮಣಿಪಾಲದಲ್ಲಿ ಇಪ್ಪತ್ತು ವರ್ಷ ಮನಶ್ಶಾಸ್ತ್ರ ಪಾಠ ಮಾಡಿದವನು ನಾನು. ನೆನಪು ಫೋಟೋ ಅಲ್ಲ, ಪ್ರತಿ ಸಲ ಹೊಸದಾಗಿ ಕಟ್ಟುವ ಮನೆ ಎಂದು ಪ್ರತಿ ವರ್ಷದ ಮೊದಲ ತರಗತಿಯಲ್ಲಿ ಹೇಳುತ್ತಿದ್ದೆ. ಈ ಬರಹವನ್ನೂ ಓದುವವರು ಹಾಗೆಯೇ ತಿಳಿಯಬೇಕು. ಬಲಗೈ ಎಂದೇ ಇಟ್ಟುಕೊಳ್ಳೋಣ.

ಕಾಪುವಿನ ನಮ್ಮ ದೊಡ್ಡಮ್ಮನ ಮನೆಗೆ ಮೂವತ್ತು ವರ್ಷ ಮೀನು ತಂದವರು ಅವರು. ನಾವು ಮೀನಿನಕ್ಕ ಎನ್ನುತ್ತಿದ್ದೆವು. ದೊಡ್ಡಮ್ಮ ನನ್ನ ತಾಯಿಯ ಅಕ್ಕ. ತಾಯಿ ಬೇಗ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಎದುರಿನ ಜಗಲಿಯಲ್ಲಿ ನಾಲ್ಕು ಯಂತ್ರಗಳನ್ನಿಟ್ಟು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಬುಟ್ಟಿಯ ನೀರು ಬಟ್ಟೆಗೆ ತಾಗೀತೆಂದು ಮೀನಿನಕ್ಕ ಎಂದೂ ಎದುರಿನಿಂದ ಬಂದವರಲ್ಲ. ಮನೆಯನ್ನು ಸುತ್ತಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬುಟ್ಟಿ ಇಳಿಸಿ, ಅಡುಗೆಮನೆಯ ಬಾಗಿಲಿಗೆ ಎರಡು ಸಲ ಬಡಿಯುತ್ತಿದ್ದರು. ನಮ್ಮ ಮನೆ ಮಾತ್ರ ಅಂತಲ್ಲ, ಪೇಟೆಯ ಎಲ್ಲ ಮನೆಗಳಿಗೂ ಅವರ ದಾರಿ ಹಿಂದಿನಿಂದಲೇ. ಯಾರ ಮನೆಯ ಮುಂಬಾಗಿಲಿನ ಬಣ್ಣ ಯಾವುದು ಎಂದು ಕೇಳಿದರೆ ಅವರಿಗೆ ಹೇಳಲು ಬರುತ್ತಿರಲಿಲ್ಲ. ಹಿಂಬಾಗಿಲಿನ ಚಿಲಕ ಹೇಗಿದೆ ಎಂದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಅವರಿಬ್ಬರ ಜಗಳವನ್ನು ಕೇಳಲೆಂದೇ ನಾನು ಕಾಲೇಜಿಗೆ ರಜೆ ಇದ್ದ ದಿನ ಅಡುಗೆಮನೆಯಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದೆ. ದೊಡ್ಡಮ್ಮ ಪ್ರತಿ ಮೀನಿನ ಕಿವಿರು ಎತ್ತಿ ನೋಡುವವಳು.

"ಹೆಣ್ಣು ನೋಡಲಿಕ್ಕೆ ಬಂದವರ ಹಾಗೆ ಎಷ್ಟು ನೋಡ್ತೀರಿ? ಹಲ್ಲು ಎಣಿಸ್ತೀರಾ?"

"ನಿನ್ನ ಬಾಯಿ ನಂಬಿದರೆ ನಾನು ಸಮುದ್ರಕ್ಕೇ ಹಾರಬೇಕಾದೀತು."

"ಹಾರಿ. ಬಲೆ ಹಾಕಿ ಎಳೀತೇವೆ. ಆದ್ರೆ ನಿಮಗೆ ಕ್ರಯ ಬರ್ಲಿಕ್ಕಿಲ್ಲ."

ಇಬ್ಬರೂ ನಗದೆ ಆಡುತ್ತಿದ್ದ ಮಾತುಗಳಿವು, ತುಳುವಿನಲ್ಲಿ. ಕನ್ನಡಕ್ಕೆ ತಂದಾಗ ಒಂದಷ್ಟು ಉಪ್ಪು ಕಡಿಮೆಯಾಗಿದೆ. ಮೀನಿನಕ್ಕನ ರವಿಕೆಗಳನ್ನು ದೊಡ್ಡಮ್ಮನೇ ಹೊಲಿಯುತ್ತಿದ್ದಳು, ಬುಟ್ಟಿ ಎತ್ತುವ ಕೈಯ ಕಂಕುಳಲ್ಲಿ ಎರಡು ಹೊಲಿಗೆ ಹೆಚ್ಚು ಹಾಕಿ. ಅದು ಯಾವ ಕೈ ಎಂದು ಈಗ ಹೇಳಬಲ್ಲವಳು ಅವಳೊಬ್ಬಳೇ ಇದ್ದಳು.

ದೊಡ್ಡಮ್ಮನಿಗೆ ಪಾರ್ಶ್ವವಾಯು ಬಡಿದದ್ದು ಒಂದು ಬೇಸಿಗೆಯಲ್ಲಿ. ಎಡಭಾಗ ಹೋಯಿತು, ಮಾತೂ ಹೋಯಿತು. ಉಳಿದದ್ದು ಒಂದು "ಹ್ಞೂಂ" ಮಾತ್ರ. ಹೌದು ಎನ್ನಲೂ ಅದೇ, ಬೇಡ ಎನ್ನಲೂ ಅದೇ. ಮಣಿಪಾಲದಲ್ಲಿ ನಾನಿದ್ದದ್ದು ಬಾಡಿಗೆ ಮನೆ, ಮೂರನೇ ಮಹಡಿ, ಲಿಫ್ಟ್ ಇಲ್ಲ. ನೋಡಿಕೊಳ್ಳಲು ಬಂದ ಹೋಮ್ ನರ್ಸ್‌ಗಳು ಒಬ್ಬರ ಹಿಂದೆ ಒಬ್ಬರು ಬಿಟ್ಟುಹೋದರು. ಕಾರ್ಕಳದ ಹೊರವಲಯದ ಒಂದು ಆರೈಕೆ ಕೇಂದ್ರದಲ್ಲಿ ಜಾಗ ಸಿಕ್ಕಿದಾಗ ನನಗೆ ಹಗುರವಾಯಿತು. ಬಿಳಿ ಟೈಲ್ಸ್, ಎದುರಿಗೆ ಗುಲಾಬಿ ಕುಂಡಗಳು, ಮೇಜಿನ ಮೇಲೆ ಭೇಟಿಗೆ ಬಂದವರ ರಿಜಿಸ್ಟರ್. ಕಾಗದದಲ್ಲಿ ಬರೆದಿತ್ತು: ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಲಾಗುವುದು. ಅದರ ಕೆಳಗೆ ನಾನು ಸಹಿ ಹಾಕಿದೆ.

ನಾನು ಎಷ್ಟು ಸಲ ಹೋದೆ? ಪ್ರತಿ ಭಾನುವಾರ ಹೋಗುತ್ತಿದ್ದೆ ಎಂದು ಬಹುಕಾಲ ನಂಬಿದ್ದೆ, ಕೇಳಿದವರಿಗೂ ಹಾಗೆಯೇ ಹೇಳುತ್ತಿದ್ದೆ. ಆಮೇಲೆ ಕೇಸಿನಲ್ಲಿ ಆ ರಿಜಿಸ್ಟರಿನ ಪ್ರತಿ ಬಂತು. ನನ್ನ ಸಹಿ ಮೂರು ಕಡೆ ಇತ್ತು. ಮೂರು ಸಲವೂ ಅವಳ ಕಾಲಬುಡದಲ್ಲಿ ನಿಂತು, ಗಲ್ಲದವರೆಗೆ ಹೊದೆಸಿದ್ದ ಹೊದಿಕೆಯ ಈಚೆಯಿಂದ ಮಾತಾಡಿ ಬಂದಿದ್ದೆ. ಗಂಡುಮಗ, ಹೊದಿಕೆ ಎತ್ತಿ ನೋಡುವುದು ಸರಿಯಲ್ಲ ಎಂದುಕೊಂಡೆ. ಅಥವಾ ಹಾಗೆ ಅಂದುಕೊಂಡಿದ್ದೆ ಎಂದು ಈಗ ಅಂದುಕೊಳ್ಳುತ್ತಿದ್ದೇನೆ.

ಮೀನಿನಕ್ಕ ಹೋಗುತ್ತಿದ್ದುದು ನನಗೆ ಗೊತ್ತಿತ್ತು. ಮಳೆಗಾಲದಲ್ಲಿ ಬೋಟುಗಳನ್ನು ಮೇಲೆ ಎಳೆದು ನಿಲ್ಲಿಸುತ್ತಾರೆ. ಆ ಎರಡು ತಿಂಗಳು ಅವರಿಗೆ ಹಸಿಮೀನಿನ ವ್ಯಾಪಾರವಿಲ್ಲ. ಪ್ರತಿ ಸೋಮವಾರ ಕಾಪುವಿನಿಂದ ಪಡುಬಿದ್ರಿ, ಅಲ್ಲಿ ಬಸ್ಸು ಬದಲಿಸಿ ಬೆಳ್ಮಣ್ ದಾಟಿ ಕಾರ್ಕಳ, ಅಲ್ಲಿಂದ ನಡಿಗೆ. ಚೀಲದಲ್ಲಿ ಒಣಸಿಗಡಿಯ ಚಟ್ನಿ. ಅವರು ಅಲ್ಲಿಗೂ ಹಿಂದಿನಿಂದಲೇ ಹೋದರು. ಕಟ್ಟಡವನ್ನು ಸುತ್ತಿ, ಅಡುಗೆಮನೆಯ ಬಾಗಿಲಿಗೆ ಎರಡು ಸಲ ಬಡಿದು, ಅಡುಗೆಯವರಿಗೆ ಸ್ವಲ್ಪ ಚಟ್ನಿ ಕೊಟ್ಟು ಒಳಗೆ ಹೋಗುತ್ತಿದ್ದರು. ಗುಲಾಬಿ ಕುಂಡವನ್ನೂ ಕಂಡವರಲ್ಲ, ರಿಜಿಸ್ಟರನ್ನೂ ಕಂಡವರಲ್ಲ. ಎದುರಿನಿಂದ ಹೋಗಿ ಹೆಸರು ಬರೆಸದ ಆ ತಪ್ಪು ಮೂವತ್ತು ವರ್ಷ ಮೀನು ಮಾರಿದವರಿಂದಲ್ಲದೆ ಬೇರೆಯವರಿಂದ ಆಗುವಂಥದ್ದಲ್ಲ.

ಆ ಮಳೆಗಾಲ ಮುಗಿಯುವ ಮೊದಲು ದೊಡ್ಡಮ್ಮನಿಗೆ ಜ್ವರ ಏರಿ, ಕೇಂದ್ರದವರು ಅವಳನ್ನು ಮಣಿಪಾಲದ ಆಸ್ಪತ್ರೆಗೆ ಕಳಿಸಿದರು. ಡಾಕ್ಟರ್ ನನ್ನನ್ನು ಪರದೆಯ ಒಳಗೆ ಕರೆದು ಸೊಂಟದ ಹಿಂದಿನ ಗಾಯವನ್ನು ತೋರಿಸಿದರು. ಅದನ್ನು ವರ್ಣಿಸುವುದಿಲ್ಲ. ಮೂಳೆ ಕಾಣುತ್ತಿತ್ತು ಎಂದಷ್ಟೇ ಹೇಳುತ್ತೇನೆ. "ಇದು ನಿನ್ನೆ ಮೊನ್ನೆಯದ್ದಲ್ಲ. ಯಾರೂ ನೋಡಲಿಲ್ವಾ?" ಎಂದು ಕೇಳಿದರು. ಹತ್ತೊಂಬತ್ತನೆಯ ದಿನ ದೊಡ್ಡಮ್ಮ ತೀರಿಕೊಂಡಳು.

ಕೇಸು ಹಾಕಿದ್ದು ಸಿಟ್ಟಿನಿಂದ. ನಮ್ಮ ವಕೀಲರು ಅಂಬಲಪಾಡಿಯಲ್ಲಿ ಕಚೇರಿ ಇಟ್ಟಿದ್ದ ಚಿಕ್ಕ ವಯಸ್ಸಿನ ಹೆಂಗಸು. ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟರು. ಕೇಂದ್ರದವರ ಉತ್ತರ ಬಂತು: ತಮ್ಮಲ್ಲಿದ್ದಾಗ ಚರ್ಮ ಸರಿಯಾಗಿತ್ತು, ಗಾಯವಾದದ್ದು ಕೊನೆಯ ಒಂದೆರಡು ದಿನಗಳ ಜ್ವರದಲ್ಲಿ, ಅದಕ್ಕೂ ಮೊದಲು ಯಾರೂ ಏನೂ ಹೇಳಿಲ್ಲ. ಜೊತೆಗೆ ಮಗ್ಗುಲು ಬದಲಿಸಿದ ಚಾರ್ಟು, ಎರಡು ಗಂಟೆಗೊಂದು ಟಿಕ್ ಗುರುತು, ಒಂದೂ ತಪ್ಪದೆ.

"ಗಾಯ ಯಾವಾಗ ಶುರುವಾಯ್ತು ಅಂತ ನೋಡಿದವರು ಒಬ್ಬರಾದರೂ ಬೇಕು ಸರ್," ಎಂದರು ವಕೀಲರು. ಹಾಗೆ ನಾನು ಮೀನಿನಕ್ಕನನ್ನು ಅಂಬಲಪಾಡಿಗೆ ಕರೆದುಕೊಂಡು ಹೋದೆ.

ಅವರು ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ವಕೀಲರು ನನ್ನ ಅಫಿಡವಿಟ್ಟಿನ ಕರಡನ್ನು ಓದುತ್ತಿದ್ದರು: ‘ರೋಗಿಯ ಮೈಮೇಲೆ ಗಾಯ ಇರುವುದು ಮಣಿಪಾಲದ ಆಸ್ಪತ್ರೆಗೆ ಸೇರಿಸಿದ ದಿನ ನನಗೆ ಮೊದಲ ಬಾರಿಗೆ ತಿಳಿಯಿತು.’

"ಅದು ಸರಿ ಇಲ್ಲ," ಎಂದರು ಮೀನಿನಕ್ಕ.

"ಯಾವುದು ಅಕ್ಕ?"

"ಮೊದಲ ಬಾರಿಗೆ ಅಂತ ಉಂಟಲ್ಲ, ಅದು. ನಾನು ಇವನಿಗೆ ಫೋನ್ ಮಾಡಿದ್ದೆ. ಬೋಟು ಮೇಲೆ ಹತ್ತಿದ ಮೂರನೇ ಸೋಮವಾರ. ಇವನ ದೊಡ್ಡಮ್ಮನ ಸೊಂಟ ಕೆಂಪಾಗಿತ್ತು. ಒತ್ತಿ ನೋಡಿದೆ. ಒತ್ತಿದರೆ ಬೆಳ್ಳಗಾಗಿ ಮತ್ತೆ ಕೆಂಪು ಬರಬೇಕು. ಬೆಳ್ಳಗೆ ಆಗಲೇ ಇಲ್ಲ. ಅಲ್ಲಿಯ ಒಬ್ಬಳಿಗೆ ಹೇಳಿದೆ. ನೀವು ಅವರಿಗೆ ಎಂತ ಆಗಬೇಕು ಅಂತ ಕೇಳಿದಳು. ಮೀನು ಕೊಡುವವಳು ಅಂದೆ. ಹಾಗಾದ್ರೆ ಮೀನು ನೋಡಿ ಅಂದಳು. ಆಯಾನ ಹತ್ತಿರ ಫೋನ್ ಕೇಳಿ ಇವನಿಗೆ ಮಾಡಿದೆ."

ವಕೀಲರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು.

"ನನಗೆ ನೆನಪಿಲ್ಲ ಅಕ್ಕ," ಎಂದೆ. ಸುಳ್ಳು ಹೇಳಲಿಲ್ಲ. ನಿಜವಾಗಿಯೂ ನೆನಪಿರಲಿಲ್ಲ.

"ನೆನಪಿಲ್ಲದಿದ್ದರೆ ನೆನಪಿಲ್ಲ ಅಂತ ಬರೆ. ಗೊತ್ತಿರಲಿಲ್ಲ ಅಂತ ಬರೆಯಬೇಡ."

ವಕೀಲರು ವಿಷಯವನ್ನು ಬಿಡಿಸಿ ಹೇಳಿದರು. ಮೀನಿನಕ್ಕ ಅಲ್ಲಿಗೆ ಬಂದದ್ದೇ ಸುಳ್ಳು ಎಂದು ಎದುರಿನವರು ಹೇಳುತ್ತಾರೆ, ರಿಜಿಸ್ಟರಿನಲ್ಲಿ ಅವರ ಹೆಸರಿಲ್ಲ. ಆ ಸೋಮವಾರ ಅವರು ಅಲ್ಲಿದ್ದರು, ಕೆಂಪನ್ನು ನೋಡಿದರು ಎನ್ನುವುದಕ್ಕೆ ಆ ಫೋನ್ ಕರೆ ಒಂದೇ ಆಧಾರ. ಫೋನ್ ಕೊಟ್ಟ ಆಯಾ ಕೆಲಸ ಬಿಟ್ಟು ಹೋಗಿದ್ದಾಳೆ, ಎಲ್ಲಿಗೆ ಎಂದು ಯಾರಿಗೂ ಗೊತ್ತಿಲ್ಲ. ಫೋನ್ ಕಂಪೆನಿಯಿಂದ ಕರೆಯ ದಾಖಲೆ ತೆಗೆಸುವ ಅವಧಿಯೂ ಮೀರಿದೆ. ಉಳಿದವನು ನಾನು. ಕರೆ ಬಂದಿತ್ತು ಎಂದು ಒಪ್ಪಿದರೆ ಮೀನಿನಕ್ಕನ ಮಾತಿಗೆ ಬಲ ಬರುತ್ತದೆ. ಆದರೆ ಮನೆಯವರಿಗೇ ತಿಳಿದಿತ್ತು, ಅವರೇ ಬರಲಿಲ್ಲ ಎಂದು ಎದುರಿನವರು ಹಿಡಿದುಕೊಳ್ಳುತ್ತಾರೆ. ಒಪ್ಪದಿದ್ದರೆ ನನ್ನ ಹೆಸರು ಶುಭ್ರ, ಮೀನಿನಕ್ಕ ಸುಳ್ಳುಗಾತಿ, ಕೇಸು ಟೊಳ್ಳು.

"ಯೋಚನೆ ಮಾಡಿ ಸರ್," ಎಂದರು.

ಹೊರಗೆ ಬಂದು ಇಬ್ಬರೂ ಚಾ ಕುಡಿದೆವು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ನೆನಪು ಹೇಗೆ ತಪ್ಪುತ್ತದೆ, ಆಗದೇ ಇದ್ದದ್ದನ್ನು ಆಗಿದೆ ಎಂದು ಮನಸ್ಸು ಹೇಗೆ ನಂಬಿಸುತ್ತದೆ, ಒಳ್ಳೆಯ ಮನುಷ್ಯರೂ ಹೇಗೆ ಪ್ರಾಮಾಣಿಕವಾಗಿಯೇ ತಪ್ಪು ಸಾಕ್ಷಿ ಹೇಳುತ್ತಾರೆ ಎಂದು ತರಗತಿಯಲ್ಲಿ ಹೇಳುವ ಎಲ್ಲವನ್ನೂ ಅವರಿಗೆ ಹೇಳಿದೆ. ಅವರು ಬಸಿಯಲ್ಲಿ ಹೊಯ್ದ ಚಾ ತಣಿಯುವವರೆಗೂ ಕೇಳಿದರು.

"ಅಷ್ಟು ಓದಿದ್ದು ಇದಕ್ಕಾ?" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಬಂಗುಡೆಯ ಕ್ರಯ ಕೇಳಿದ ಹಾಗಿತ್ತು. "ಆ ದಿನ ನೀನು ಎಂತ ಹೇಳಿದ್ದು ಹೇಳ್ಲಾ? ‘ಅಕ್ಕ, ಅದು ಬಂಗುಡೆ ಅಲ್ಲ, ಒತ್ತಿ ನೋಡಲಿಕ್ಕೆ. ಅಲ್ಲಿ ಕಲಿತವರಿದ್ದಾರೆ.’ ನಿನ್ನ ಹತ್ತಿರ ಯಾರೋ ನಗಾಡಿದರು. ನೀನೂ ನಗಾಡಿದೆ."

ಅದು ನನ್ನದೇ ಮಾತು. ನೆನಪಾಯಿತೆಂದು ಹೇಳಲಾರೆ. ಆದರೆ ಕೈಬರಹ ನೋಡಿದರೆ ಇದು ನಾನೇ ಬರೆದದ್ದು ಎಂದು ಗೊತ್ತಾಗುವ ಹಾಗೆ ಆ ವಾಕ್ಯ ನನ್ನದೆಂದು ಗೊತ್ತಾಯಿತು. ಬುದ್ಧಿವಂತಿಕೆ, ಅವಸರ, ಪಕ್ಕದವರನ್ನು ನಗಿಸುವ ಆಸೆ. ಅವರಿಗೆ ಅಂಥ ವಾಕ್ಯ ಕಟ್ಟಲು ಬರುವುದಿಲ್ಲ, ಬೇಕಾಗಿಯೂ ಇರಲಿಲ್ಲ. ಮರುಕ್ಷಣವೇ ಕ್ಯಾಂಟೀನಿನ ಮೇಜು, ಸಹೋದ್ಯೋಗಿಯೊಬ್ಬರ ನಗು, ಕಿವಿಗೆ ಒತ್ತಿಕೊಂಡ ಫೋನಿನ ಬಿಸಿ ಎಲ್ಲವೂ ಕಣ್ಣಿಗೆ ಕಟ್ಟಿದವು. ಅವು ಆ ದಿನದಿಂದ ಬಂದವೋ, ಮೀನಿನಕ್ಕನ ಮಾತಿನಿಂದ ಆಗ ತಾನೇ ಹುಟ್ಟಿದವೋ ನನಗೆ ಇವತ್ತಿಗೂ ತಿಳಿಯದು. ನನ್ನ ವಿದ್ಯಾರ್ಥಿಗಳಿಗೆ ಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇರಲಿಲ್ಲ. ಯಾವ ತರಗತಿಯಲ್ಲೂ ಕೊಡಲಿಲ್ಲ.

ಮೆಟ್ಟಿಲು ಹತ್ತಿ ಮತ್ತೆ ಒಳಗೆ ಹೋಗಿ ವಕೀಲರಿಗೆ ಆ ವಾಕ್ಯ ಹೊಡೆದುಹಾಕಲು ಹೇಳಿದೆ. ಅದರ ಜಾಗದಲ್ಲಿ ಹೀಗೆ ಬರೆಸಿದೆ: ಆ ಸೋಮವಾರ ಆಕೆ ನನಗೆ ಫೋನ್ ಮಾಡಿ ತಿಳಿಸಿದರು. ಕರೆಯ ಎಲ್ಲ ವಿವರ ನನಗೆ ನೆನಪಿಲ್ಲ. ನಾನು ಅವರ ಮಾತನ್ನು ತಳ್ಳಿಹಾಕಿದೆ. ಆ ವಾರ ನಾನು ಹೋಗಲಿಲ್ಲ.

ಮೀನಿನಕ್ಕ ತಮ್ಮ ಹೇಳಿಕೆಗೆ ಹೆಬ್ಬೆಟ್ಟು ಒತ್ತಿದರು. ಗೆರೆಯಿಲ್ಲದ ಒಂದು ನೀಲಿ ಮೊಟ್ಟೆ ಬಿತ್ತು. ನೋಟರಿ ಇದಾಗದು ಎಂದು ತಲೆ ಆಡಿಸಿದರು. "ಬೇಕಾದ್ರೆ ಸಹಿ ಹಾಕ್ತೇನೆ, ನಾಲ್ಕನೇ ಕ್ಲಾಸು ಆಗಿದೆ" ಎಂದು ಮೀನಿನಕ್ಕ ನಿಧಾನವಾಗಿ ಹೆಸರು ಬರೆದರು. ಅಷ್ಟು ವರ್ಷಗಳಲ್ಲಿ ಅವರ ಹೆಸರನ್ನು ನಾನು ಓದಿದ್ದು ಅದೇ ಮೊದಲು.

ವಿಚಾರಣೆಯ ದಿನ ಅವರು ದೊಡ್ಡಮ್ಮ ಕೊನೆಯದಾಗಿ ಹೊಲಿದುಕೊಟ್ಟ ರವಿಕೆ ಹಾಕಿಕೊಂಡು ಬಂದಿದ್ದರು. ಎದುರಿನ ವಕೀಲರು ಒಳ್ಳೆಯ ಮಾತುಗಾರ.

"ಮೀನು ಮಾರುವವರಿಗೆ ಈ ಕಾಯಿಲೆ ಎಲ್ಲ ಹೇಗೆ ಗೊತ್ತಮ್ಮ?"

"ನನ್ನ ಅತ್ತೆ ನಾಲ್ಕು ವರ್ಷ ಮಲಗಿದಲ್ಲೇ ಇದ್ದರು. ಒಂದು ಗಾಯ ಆಗಲಿಲ್ಲ. ನಮ್ಮಲ್ಲಿ ಚಾರ್ಟು ಇರಲಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ವಕೀಲರು ರಿಜಿಸ್ಟರನ್ನು ಎತ್ತಿ ಹಿಡಿದರು. "ಇದರಲ್ಲಿ ನಿಮ್ಮ ಹೆಸರು ಎಲ್ಲಿ ಉಂಟು ತೋರಿಸಿ. ಎದುರಿನ ಬಾಗಿಲಿನಿಂದ ಯಾಕೆ ಬರಲಿಲ್ಲ?"

ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಎದುರಿನ ಬಾಗಿಲಿನಿಂದ ಬಾ ಅಂತ ನನಗೆ ಇಷ್ಟರವರೆಗೆ ಯಾರೂ ಹೇಳಿದ್ದಿಲ್ಲ ಸ್ವಾಮಿ."

ಯಾರೂ ನಗಲಿಲ್ಲ. ನಾನು ನನ್ನ ಕೈಗಳನ್ನು ನೋಡಿಕೊಂಡೆ. ಮೂವತ್ತು ವರ್ಷದಲ್ಲಿ ನಾನೂ ಹೇಳಿರಲಿಲ್ಲ.

"ಅಂದರೆ ನೀವು ಬಂದದ್ದಕ್ಕೆ ಗುರುತೇ ಇಲ್ಲ."

"ಉಂಟು. ಅವರ ಅಡುಗೆಮನೆ ಬಾಗಿಲಿಗೆ ಚಿಲಕ ಇಲ್ಲ. ಗಾಳಿಗೆ ಬಡಿದು ಬಡಿದು ಇವರ ದೊಡ್ಡಮ್ಮ ಬೆಚ್ಚಿ ಬೀಳ್ತಿದ್ದರು. ನಾನೇ ಒಂದು ಹಸಿರು ಬಲೆಹಗ್ಗ ತಂದು ಕಟ್ಟಿದ್ದು. ನಮ್ಮವರು ದೋಣಿಗೆ ಹಾಕುವ ಗಂಟು. ಎಳೆದರೆ ಬಿಗೀತದೆ, ತಳ್ಳಿದರೆ ಬಿಚ್ಚುತ್ತದೆ. ಅಲ್ಲಿಯ ಯಾರಿಗೂ ಹಾಕಲಿಕ್ಕೆ ಬರ್ಲಿಕ್ಕಿಲ್ಲ. ಹೋಗಿ ನೋಡಿ, ಈಗಲೂ ಇರಬಹುದು."

ಮುಂದಿನ ವಿಚಾರಣೆಯಲ್ಲಿ ಕೇಂದ್ರದ ಮ್ಯಾನೇಜರನ್ನು ನಮ್ಮ ವಕೀಲರು ಆ ಒಂದು ಹಗ್ಗದ ಬಗ್ಗೆಯೇ ಕೇಳಿದರು. ಆತ, ಇದೆ, ಹಸಿರು, ಯಾರು ಕಟ್ಟಿದ್ದೆಂದು ಗೊತ್ತಿಲ್ಲ ಎಂದ. ಆಮೇಲೆ ಚಾರ್ಟು ತೆರೆದರು. ದೊಡ್ಡಮ್ಮನನ್ನು ಮಧ್ಯಾಹ್ನಕ್ಕೇ ಮಣಿಪಾಲಕ್ಕೆ ಸಾಗಿಸಿದ್ದ ದಿನವೂ ಸಂಜೆಯವರೆಗೆ ಮಗ್ಗುಲು ಬದಲಿಸಿದ ಟಿಕ್ ಗುರುತುಗಳಿದ್ದವು.

ನನ್ನ ಸರದಿಯಲ್ಲಿ ಎದುರಿನ ವಕೀಲರು ಕೇಳಿದ್ದು ಹೆಚ್ಚೇನಿಲ್ಲ. "ಪ್ರೊಫೆಸರ್ ಸಾಹೇಬ್ರೇ, ಗೊತ್ತಿದ್ದೂ ಹೋಗಲಿಲ್ಲ, ಅಲ್ವಾ?" ಹೌದು ಎಂದೆ. ಅಷ್ಟೇ.

ತೀರ್ಪು ಬರಲು ಬಹಳ ಸಮಯ ಹಿಡಿಯಿತು. ಬಂದ ಮರುದಿನ ಕಾಪುವಿಗೆ ಹೋಗಿ, ಕಡಲ ಕಡೆಯ ಅವರ ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ತುಳುವಿನಲ್ಲಿ ಓದಿ ಹೇಳಿದೆ. ಕೇಂದ್ರದವರ ಆರೈಕೆಯಲ್ಲಿ ಲೋಪವಿದೆ, ಚಾರ್ಟು ನಂಬಲರ್ಹವಲ್ಲ, ಸಾಕ್ಷಿ ಹೇಳಿದ ಮಹಿಳೆಯ ಮಾತು ಸಹಜವಾಗಿದೆ, ಮನೆಯವರಿಗೆ ತಿಳಿದಿತ್ತು ಎಂಬುದು ನೋಡಿಕೊಳ್ಳುವ ಹೊಣೆ ಹೊತ್ತವರ ಕರ್ತವ್ಯವನ್ನು ಕಡಿಮೆ ಮಾಡುವುದಿಲ್ಲ.

"ನಿನ್ನ ಬಗ್ಗೆ ಎಂತ ಬರೆದಿದ್ದಾರೆ?"

ನಾನು ಬಿಟ್ಟು ಓದಿದ್ದು ಅವರಿಗೆ ಹೇಗೋ ಗೊತ್ತಾಗಿತ್ತು. ಓದಿದೆ: ದೂರುದಾರರು ವಿಷಯ ತಿಳಿದ ಬಳಿಕವೂ ರೋಗಿಯನ್ನು ನೋಡಲು ಹೋಗದಿರುವುದು ವಿಷಾದನೀಯ.

"ಸರಿಯಾಗಿಯೇ ಬರೆದಿದ್ದಾರೆ," ಎಂದರು. ಆಮೇಲೆ ಎದ್ದು ಒಳಗೆ ಹೋಗಿ, ನನಗಾಗಿ ತೆಗೆದಿಟ್ಟಿದ್ದ ನಾಲ್ಕು ಬಂಗುಡೆಗಳನ್ನು ತಂದು ಕಲ್ಲಿನ ಮೇಲಿಟ್ಟರು. "ಒತ್ತಿ ನೋಡು." ಒತ್ತಿದೆ. ಗುಂಡಿ ತುಂಬಿಕೊಂಡಿತು. "ಹಾಂ. ಇನ್ನು ತಗೊಂಡು ಹೋಗು."

ಕಳೆದ ವರ್ಷ ಬೋಟುಗಳು ಮೇಲೆ ಹತ್ತಿದ ಹೊತ್ತಿಗೆ ಅವರು ಹಾಸಿಗೆ ಹಿಡಿದರು. ಮಗಳು, ಸೊಸೆ ಇಬ್ಬರೂ ಸೇರಿ ನೋಡಿಕೊಂಡರು. ಪ್ರತಿ ಸೋಮವಾರ ನಾನು ಹೋದೆ. ಎಷ್ಟು ಸೋಮವಾರ ಎಂದು ಈ ಸಲ ಬರೆದಿಟ್ಟುಕೊಂಡಿದ್ದೇನೆ, ಏಳು. ಮನೆಯನ್ನು ಸುತ್ತಿ ಹಿಂಬಾಗಿಲಿಗೆ ಎರಡು ಸಲ ಬಡಿಯುತ್ತಿದ್ದೆ. ಮಗಳು ಮೊದಲ ದಿನ ನಾಚಿಕೊಂಡು "ಎದುರಿನಿಂದ ಬನ್ನಿ ಸರ್" ಎಂದಳು. ಒಳಗಿನಿಂದ ಮೀನಿನಕ್ಕ ಕೂಗಿದರು, "ಬಿಡು, ಅವನಿಗೆ ಈಗ ದಾರಿ ಗೊತ್ತಾಗಿದೆ."

ಕೊನೆಯ ಸೋಮವಾರ ಅವರ ಮಾತು ಬಹಳ ಕಡಿಮೆಯಾಗಿತ್ತು. ನಾನು ಕಾಲಬುಡದಲ್ಲಿ ನಿಲ್ಲಲಿಲ್ಲ. ಕುಳಿತು, ಹೊದಿಕೆಯನ್ನು ಮೊಣಕಾಲಿನವರೆಗೆ ಸರಿಸಿ, ಹಿಮ್ಮಡಿಯ ಕೆಂಪು ಜಾಗವೊಂದರ ಮೇಲೆ ಹೆಬ್ಬೆರಳಿಟ್ಟು ಒತ್ತಿದೆ. ತೆಗೆದೆ. ಬೆಳ್ಳಗಾಯಿತು. ಉಸಿರು ಹಿಡಿದು ನೋಡಿದೆ. ನಿಧಾನವಾಗಿ, ಅಂಚಿನಿಂದ ನಡುವಿಗೆ, ಬಣ್ಣ ಮರಳಿ ಬಂತು.

ಅವರು ಕಣ್ಣು ತೆರೆಯದೆಯೇ ಕೇಳಿದರು, "ಎಂತ ಮಗಾ, ತಾಜಾ ಉಂಟಾ?"

ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಅವರು ಕೇಳಿದ್ದು ಗೊತ್ತು.